ತಾಜ್ ಹೋಟೆಲಿನ ಜಾಝ್ ತಂಡಗಳು

ಊರಿನಿಂದ ನೆಂಟರು ಬಂದರೆ ಬದಲಾಪುರದಿಂದ ಲೋಕಲ್ ಹಿಡಿದು ಗೇಟ್‌ವೇ ತೋರಿಸಲು ಹೊರಡುವುದು ನಮ್ಮೆಲ್ಲರ ಮನೆಯ ರೂಢಿ. ತಾಜ್ ಮಹಲ್ ಹೋಟೆಲಿನ ಮುಂದೆ ಫೋಟೋ ತೆಗೆದುಕೊಂಡು, ಒಳಗಿನ ಚಹಾದ ಬೆಲೆ ನೆನೆದು ನಕ್ಕು ಹಿಂದಿರುಗುತ್ತೇವೆ. ನಾವು ಗುನುಗುವ ಹಳೆಯ ಹಿಂದಿ ಹಾಡುಗಳ ಒಂದು ಬೇರು ಆ ಕಟ್ಟಡದೊಳಗಿದೆ ಎಂಬುದು ನನಗೆ ಬಹುಕಾಲ ಗೊತ್ತಿರಲಿಲ್ಲ.

1935ರಲ್ಲಿ ಲಿಯಾನ್ ಅಬೆ ಎಂಬ ಪಿಟೀಲುವಾದಕರು ಅಮೆರಿಕದ ಕಪ್ಪು ಕಲಾವಿದರ ಜಾಝ್ ತಂಡವನ್ನು ತಾಜ್‌ಗೆ ಕರೆತಂದರು. ಅವರ ಬೆನ್ನಿಗೇ ಟ್ರಂಪೆಟ್ ವಾದಕ ಕ್ರಿಕೆಟ್ ಸ್ಮಿತ್, ಶಾಂಘೈಯಲ್ಲಿ ಹೆಸರು ಮಾಡಿದ್ದ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಬಂದರು. ತಮ್ಮ ದೇಶದ ಎಷ್ಟೋ ಹೋಟೆಲುಗಳಲ್ಲಿ ಗಿರಾಕಿಯಾಗಿ ಕಾಲಿಡಲಾಗದಿದ್ದವರು ಇಲ್ಲಿ ತಂಡದ ನಾಯಕರಾದರು. ಯುದ್ಧಕಾಲದಲ್ಲಿ ವೆದರ್‌ಫರ್ಡ್ ಕಲ್ಕತ್ತದ ಗ್ರ್ಯಾಂಡ್ ಹೋಟೆಲಿನಲ್ಲಿ ಕಟ್ಟಿದ ತಂಡದಲ್ಲಂತೂ ಬರ್ಮಾ, ನೇಪಾಳ, ಭಾರತದ ವಾದಕರು ಒಟ್ಟಿಗೆ ಕುಳಿತರು. 1945ರಲ್ಲಿ ಕಾಲರಾ ತಗುಲಿ ಅವರು ಅಲ್ಲೇ ತೀರಿಕೊಂಡರು. ವಯಸ್ಸು ಬರೀ 41.

ಇಂಥ ದೊಡ್ಡ ತಂಡದಲ್ಲಿ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್‌ಗಳದ್ದು ಒಂದೊಂದು ಸಾಲು. ಜೊತೆಗೆ ಪಿಯಾನೊ, ಡ್ರಮ್ಸ್. ಎಲ್ಲರೂ ಬರೆದಿಟ್ಟ ಸ್ವರ ನೋಡಿ ನುಡಿಸಬೇಕು. ನಡುವೆ ಒಬ್ಬರು ಎದ್ದು ನಿಂತು, ನಮ್ಮ ಕಛೇರಿಯ ಮನೋಧರ್ಮದಂತೆ, ತಮಗೆ ತೋಚಿದ್ದನ್ನು ನುಡಿಸುತ್ತಾರೆ. ಸ್ವರಲಿಪಿ ಓದುವುದು ಗೋವೆಯವರಿಗೆ ಚರ್ಚಿನ ಶಾಲೆಯಲ್ಲೇ ಕಲಿತ ವಿದ್ಯೆ. ಹಾಗಾಗಿ ಈ ಕುರ್ಚಿಗಳಲ್ಲಿ ಅವರಿಗೆ ಸುಲಭವಾಗಿ ಜಾಗ ಸಿಕ್ಕಿತು. ಆಲ್ಡೋನಾದ ಆಂಟೋನಿಯೊ ಶೇವಿಯರ್ ವಾಸ್ 'ಚಿಕ್ ಚಾಕೊಲೇಟ್' ಆದರು. ಪಾರ್ಸಿ ಕಾವಸ್‌ಜಿ ಖಟಾವ್ 'ರೂಡಿ ಕಾಟನ್' ಆದರು. ಹೆಸರು ಅಮೆರಿಕದ್ದಾದರೆ ಬೇಡಿಕೆ ಹೆಚ್ಚು ಎಂಬ ಲೆಕ್ಕಾಚಾರವಿರಬೇಕು!

ಸ್ವಾತಂತ್ರ್ಯದ ನಂತರ ವಿದೇಶಿಯರು ಹೊರಟರು, ಮುಂಬಯಿಗೆ ಪಾನನಿಷೇಧ ಬಂತು, ಕುಣಿತದ ರಾತ್ರಿಗಳು ಕಡಿಮೆಯಾದವು. ವಾದಕರು ಸಿನಿಮಾ ಸ್ಟುಡಿಯೋಗಳತ್ತ ಹೊರಳಿದರು. ಸಂಗೀತ ನಿರ್ದೇಶಕರು ಹಾಡಿ ತೋರಿಸಿದ ರಾಗವನ್ನು ಸ್ವರಲಿಪಿಗೆ ಇಳಿಸಿ, ಇಡೀ ವಾದ್ಯವೃಂದಕ್ಕೆ ಹಂಚಿದವರು ಹೆಚ್ಚಾಗಿ ಈ ಗೋವನ್ನರೇ. ಸಿ. ರಾಮಚಂದ್ರರ 'ಅಲ್ಬೇಲಾ' (1951) ಚಿತ್ರದಲ್ಲಿ ಚಿಕ್ ಚಾಕೊಲೇಟ್ ತಂಡವನ್ನು ತೆರೆಯ ಮೇಲೂ ಕಾಣಬಹುದು. 1977ರಲ್ಲಿ ಅಮಿತಾಭ್ ತಮ್ಮ ಹೆಸರೆಂದು ಹಾಡಿದ 'ಆಂಥೋನಿ ಗೊನ್ಸಾಲ್ವಿಸ್' ಕೂಡ ಕಲ್ಪನೆಯ ಹೆಸರಲ್ಲ. ಅದು ಸಂಗೀತ ನಿರ್ದೇಶಕ ಪ್ಯಾರೇಲಾಲರ ಪಿಟೀಲು ಗುರುಗಳದ್ದು.

ಆದರೆ ಎಲ್ಲ ವಾದಕರಿಗೂ ಇಂಥ ಶಿಷ್ಯರು ಸಿಗಲಿಲ್ಲ. ಹಾಡಿದವರ ಹೆಸರು ನಮಗೆ ಬಾಯಿಪಾಠ, ನುಡಿಸಿದವರದ್ದು ತೆರೆಯ ಮೇಲೆ ಬಂದದ್ದೇ ಅಪರೂಪ. ತಾಜ್‌ನಲ್ಲಿ ವರ್ಷಗಟ್ಟಲೆ ನುಡಿಸಿದ ಮಿಕಿ ಕೊರಿಯಾ ಅವರ ತಂಡದಲ್ಲಿ, ಅಷ್ಟೂ ಗಂಡಸರ ನಡುವೆ, ಲುಸಿಲಾ ಪಶೆಕೊ ಎಂಬ ಮಹಿಳೆ ಇದ್ದರು. ಮುಂದೆ ಅವರು ಹಿಂದಿ ಚಿತ್ರಗಳ ವಾದ್ಯವೃಂದದಲ್ಲೂ ಪಿಯಾನೊ ನುಡಿಸಿದರು. ಅಡುಗೆಮನೆಯ ರೇಡಿಯೋದಲ್ಲಿ ಐವತ್ತರ ದಶಕದ ಹಾಡು ಬಂದು, ನಡುವೆ ಪಿಯಾನೊ ಕೇಳಿಸಿದರೆ, ಇದು ಅವರ ಕೈಯಿರಬಹುದೇ ಎಂದು ನಾನೀಗ ಒಗ್ಗರಣೆ ಸೌಟು ಕೆಳಗಿಟ್ಟು ಕಿವಿಗೊಡುತ್ತೇನೆ.