ಮಿಲಿಟರಿ ಪೈಲಟ್: ಆಯ್ಕೆ ಮತ್ತು ತರಬೇತಿ

ಮಿಲಿಟರಿ ಪೈಲಟ್ ಎಂದರೆ ಸೇನೆಯ ವಿಮಾನ ಇಲ್ಲವೆ ಹೆಲಿಕಾಪ್ಟರ್ ನಡೆಸಲು ತರಬೇತಿ ಪಡೆದ ಅಧಿಕಾರಿ. ಭಾರತದಲ್ಲಿ ವಾಯುಪಡೆ, ನೌಕಾಪಡೆ, ಭೂಸೇನೆ, ಕರಾವಳಿ ಕಾವಲು ಪಡೆಗಳಿಗೆ ಅವರವರದೇ ಪೈಲಟ್‌ಗಳಿದ್ದಾರೆ. ಈ ಲೇಖನ ಮುಖ್ಯವಾಗಿ ವಾಯುಪಡೆಯ ಕುರಿತದ್ದು. ಕೋಲಾರ ಜಿಲ್ಲೆಯ ಕೆಜಿಎಫ್, ಬಂಗಾರಪೇಟೆಗಳಲ್ಲಿ ಸೇನಾ ವಿಮಾನ ನೆಲೆ ಇಲ್ಲ. ಆದರೂ ಆಯ್ಕೆಯ ಕಠಿಣ ಹಂತಗಳಿಗೆ ಇಲ್ಲಿನ ಅಭ್ಯರ್ಥಿ ರಾಜ್ಯ ದಾಟಬೇಕಾಗಿಲ್ಲ: ವಾಯುಪಡೆಯ ಆಯ್ಕೆ ಮಂಡಳಿಗಳಲ್ಲೊಂದು ಮೈಸೂರಿನಲ್ಲಿದೆ, ವೈದ್ಯಕೀಯ ತಪಾಸಣೆ ಬೆಂಗಳೂರಿನಲ್ಲಿ ನಡೆಯುತ್ತದೆ.

ಅರ್ಹತೆ

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಅವಿವಾಹಿತರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಯುಪಿಎಸ್‌ಸಿಯ ಎನ್‌ಡಿಎ ಪರೀಕ್ಷೆ ಬರೆದು ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಸೇರಬಹುದು. 2022ರಿಂದ ಹುಡುಗಿಯರಿಗೂ ಪ್ರವೇಶವಿದೆ. ಪದವೀಧರರಿಗೆ ಸಿಡಿಎಸ್, ಎಎಫ್‌ಕ್ಯಾಟ್ ಮತ್ತು ಎನ್‌ಸಿಸಿ ವಾಯುದಳದ ‘ಸಿ’ ಸರ್ಟಿಫಿಕೇಟ್ ಎಂಬ ಮೂರು ದಾರಿಗಳಿವೆ. ವಯೋಮಿತಿ ಸಾಮಾನ್ಯವಾಗಿ 20ರಿಂದ 24. ಈ ಯಾವ ಪರೀಕ್ಷೆಯೂ ಕನ್ನಡದಲ್ಲಿ ಇಲ್ಲ. ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯೇ ಪ್ರಮಾಣ.

ಆಯ್ಕೆ ಮಂಡಳಿ

ಲಿಖಿತ ಪರೀಕ್ಷೆಯಲ್ಲಿ ಪಾಸಾದವರಿಗೆ ಸುಮಾರು ಐದು ದಿನಗಳ ಸಂದರ್ಶನವಿರುತ್ತದೆ. ಬಂಗಾರಪೇಟೆಯಿಂದ ಮೈಸೂರಿನ ರೈಲು ಹಿಡಿದು ಹೋದವರಲ್ಲಿ ಅನೇಕರು ಮೊದಲ ದಿನವೇ ಬ್ಯಾಗು ಹೊತ್ತು ವಾಪಸಾಗುತ್ತಾರೆ. ಆ ದಿನದ ಬುದ್ಧಿ ಪರೀಕ್ಷೆ ಮತ್ತು ಚಿತ್ರ ನೋಡಿ ಕಥೆ ಕಟ್ಟುವ ಪರೀಕ್ಷೆಯಲ್ಲೇ ಜರಡಿ ಹಿಡಿಯುತ್ತಾರೆ. ಉಳಿದವರಿಗೆ ಮನೋವೈಜ್ಞಾನಿಕ ಪರೀಕ್ಷೆ, ಗುಂಪು ಚಟುವಟಿಕೆ, ಸಂದರ್ಶನ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪೈಲಟ್ ಸಾಮರ್ಥ್ಯ ಪರೀಕ್ಷೆ. ಹಿಂದೆ ಪಿಎಬಿಟಿ ಎನ್ನುತ್ತಿದ್ದರು. ಈಗ ಅದು ಕಂಪ್ಯೂಟರೀಕರಣಗೊಂಡ ಸಿಪಿಎಸ್‌ಎಸ್. ಕೈಯಲ್ಲಿ ಕೋಲು, ಕಾಲಡಿ ಪೆಡಲ್, ಎದುರಿನ ಪರದೆಯಲ್ಲಿ ಅಲೆಯುವ ಚುಕ್ಕೆ. ಚುಕ್ಕೆಯನ್ನು ಚೌಕದೊಳಗೆ ಹಿಡಿದಿಡುತ್ತಲೇ ನಡುನಡುವೆ ಬರುವ ಸಂಕೇತಗಳಿಗೂ ಉತ್ತರ ಕೊಡಬೇಕು. ಈ ಪರೀಕ್ಷೆಯನ್ನು ಜೀವಮಾನದಲ್ಲಿ ಒಂದೇ ಸಲ ಎದುರಿಸಬಹುದು. ಎನ್‌ಡಿಎಗೆಂದು ಹೋಗಿ ಹದಿನೇಳರ ಹುಡುಗ ಇದರಲ್ಲಿ ಫೇಲಾದರೆ, ಪದವಿ ಮುಗಿಸಿ ಮರಳಿ ಬಂದಾಗಲೂ ಹಾರಾಟದ ಶಾಖೆ ಅವನಿಗೆ ಮುಚ್ಚಿರುತ್ತದೆ. ನೆಲದ ಕೆಲಸದ ಶಾಖೆಗಳು ಮಾತ್ರ ಉಳಿಯುತ್ತವೆ. ತಯಾರಿಯಿಲ್ಲದೆ ‘ಒಂದ್ಸಲ ನೋಡಿ ಬರೋಣ’ ಎಂದು ಹೊರಡುವವರು ಗಮನಿಸಬೇಕಾದ ನಿಯಮವಿದು.

ದೇಹದ ಅಳತೆ

1957ರಲ್ಲಿ ಆರಂಭವಾದ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ ಪೈಲಟ್ ಅಭ್ಯರ್ಥಿಗಳ ತಪಾಸಣಾ ಕೇಂದ್ರಗಳಲ್ಲೊಂದು. ಗಗನಯಾನದ ಗಗನಯಾತ್ರಿಗಳ ಆಯ್ಕೆಗೂ 2019ರಲ್ಲಿ ಪರೀಕ್ಷೆ ನಡೆದದ್ದು ಇಲ್ಲಿಯೇ. ಕನಿಷ್ಠ ಎತ್ತರ 162.5 ಸೆಂ.ಮೀ. ಎಂಬುದು ಎಲ್ಲರಿಗೂ ಗೊತ್ತು. ಎತ್ತರ ಸಾಕಷ್ಟಿದ್ದವರನ್ನೂ ಹೊರಬೀಳಿಸುವುದು ಉಳಿದ ಮೂರು ಅಳತೆಗಳು. ಗೋಡೆಗೆ ಬೆನ್ನೊತ್ತಿ ನೆಟ್ಟಗೆ ಕುಳಿತಾಗ ಆಸನದಿಂದ ನೆತ್ತಿಯವರೆಗೆ 81.5ರಿಂದ 96 ಸೆಂ.ಮೀ. ಇರಬೇಕು. ಹಾಗೇ ಕಾಲು ಚಾಚಿದರೆ ಗೋಡೆಯಿಂದ ಹಿಮ್ಮಡಿಯವರೆಗೆ 99ರಿಂದ 120. ಮಂಡಿ ಮಡಚಿದಾಗ ಗೋಡೆಯಿಂದ ಮಂಡಿಯ ತುದಿಗೆ 64 ಮೀರಬಾರದು. ಕಾಕ್‌ಪಿಟ್ಟೇ ಇದಕ್ಕೆ ಕಾರಣ. ಕಾಲು ಗಿಡ್ಡವಾದರೆ ರಡ್ಡರ್ ಪೆಡಲ್ ಪೂರ್ತಿ ತುಳಿಯಲಾಗದು. ತೊಡೆ ಉದ್ದವಾದರೆ, ಆಪತ್ತಿನಲ್ಲಿ ಆಸನ ಸಮೇತ ಹೊರಚಿಮ್ಮುವಾಗ ಮಂಡಿಚಿಪ್ಪು ಮುಂದಿನ ಫಲಕಕ್ಕೆ ಬಡಿಯುವ ಅಪಾಯವಿದೆ. ಒಂದು ಕಣ್ಣು 6/6, ಇನ್ನೊಂದು 6/9 ಇರಬೇಕು, ಬಣ್ಣಗುರುಡು ಸಲ್ಲದು. ಹಲ್ಲಿಗೂ ಅಂಕಗಳಿವೆ: 22ಕ್ಕೆ ಕನಿಷ್ಠ 14.

ತರಬೇತಿ

ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿಯಲ್ಲಿ ಪಿಲಾಟಸ್ ವಿಮಾನದ ಮೇಲೆ ಮೊದಲ ಹಂತ ಮುಗಿದ ಮೇಲೆ ಯುದ್ಧವಿಮಾನ, ಸಾಗಣೆ ವಿಮಾನ, ಹೆಲಿಕಾಪ್ಟರ್ ಎಂದು ಕವಲೊಡೆಯುತ್ತದೆ. ಸಾಗಣೆಯವರು ಯಲಹಂಕಕ್ಕೆ, ಹೆಲಿಕಾಪ್ಟರಿನವರು ಹಕೀಂಪೇಟೆಗೆ ಹೋಗುತ್ತಾರೆ. ಯುದ್ಧವಿಮಾನದವರು ಹಕೀಂಪೇಟೆಯಲ್ಲಿ ಕಿರಣ್ ಜೆಟ್ ಹಾರಿಸಿ, ಫ್ಲೈಯಿಂಗ್ ಆಫೀಸರ್ ಆದ ನಂತರ ಹಾಕ್ ಜೆಟ್‌ಗಾಗಿ ಬೀದರಿಗೆ ಬರುತ್ತಾರೆ. ಬೀದರಿನಲ್ಲಿ ಹಾಕ್ 2008ರಿಂದ ಇದೆ. 2016ರ ಜೂನ್ 18ರಂದು ನಿಯುಕ್ತರಾದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ಕಲಿಯಲು ಬಂದದ್ದು ಬೀದರಿಗೇ. ಭಾವನಾ ಕಾಂತ್ ಓದಿದ್ದು ಬೆಂಗಳೂರಿನ ಬಿಎಂಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ.

ತರಬೇತಿ ವಿಮಾನಗಳ ಚರಿತ್ರೆ ಬಹುಮಟ್ಟಿಗೆ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಚರಿತ್ರೆ. ವಿ.ಎಂ. ಘಾಟ್ಗೆ ವಿನ್ಯಾಸದ ಎಚ್‌ಟಿ-2 1951ರಲ್ಲಿ ಹಾರಿತು. ಎರಡು ತಲೆಮಾರಿನ ಪೈಲಟ್‌ಗಳು ಅದರಲ್ಲಿ ಕೈ ಪಳಗಿಸಿಕೊಂಡರು. ಕಿರಣ್ ಮೊದಲು ಹಾರಿದ್ದು 1964ರಲ್ಲಿ. 1977ರ ಎಚ್‌ಪಿಟಿ-32 ದೀಪಕ್, ಹಾರಾಟದ ನಡುವೆಯೇ ಇಂಜಿನ್ ನಿಂತುಹೋಗುವ ದೋಷದಿಂದ ಅಪಘಾತಗಳನ್ನು ಕಂಡು 2009ರಲ್ಲಿ ನೆಲಕ್ಕಿಳಿಯಿತು. ಆ ಕೊರತೆಯಿಂದಲೇ 2013ರಲ್ಲಿ ಸ್ವಿಸ್ ಪಿಲಾಟಸ್ ಬಂದದ್ದು. ದೀಪಕ್‌ಗೆ ಬದಲಿಯಾಗಿ ಎಚ್‌ಎಎಲ್‌ನಲ್ಲಿ ರೂಪುಗೊಂಡ ಎಚ್‌ಟಿಟಿ-40 ಮೊದಲ ಹಾರಾಟ ನಡೆಸಿದ್ದು 2016ರ ಮೇ 31ರಂದು. 2023ರಲ್ಲಿ 70 ವಿಮಾನಗಳಿಗೆ ಒಪ್ಪಂದವಾಯಿತು.

ಇತರ ಪಡೆಗಳು

ಭೂಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳಿಗೆ ನಾಸಿಕದಲ್ಲಿ ಶಾಲೆಯಿದೆ. ನೌಕಾಪಡೆಯ ಹೆಲಿಕಾಪ್ಟರ್ ತರಬೇತಿ ಶಾಲೆ ಇರುವುದು ಬಂಗಾರಪೇಟೆಯಿಂದ ಚೆನ್ನೈಗೆ ಹೋಗುವ ರೈಲುಹಾದಿಯ ಅರಕ್ಕೋಣಂನಲ್ಲಿ, ಐಎನ್‌ಎಸ್ ರಾಜಾಳಿ ನೆಲೆಯಲ್ಲಿ.