‘ಪಕ್ಕಾ’ ಎಂಬ ಮೆಚ್ಚುಗೆ

ಲಂಡನ್ನಿನ ಬೀದಿಮಾತಿನಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ‘ಪಕ್ಕಾ’ ಎಂದು ಹೊಗಳುವ ರೂಢಿಯಿದೆ. 1999ರಲ್ಲಿ ಬಿಬಿಸಿಯ ‘ದಿ ನೇಕೆಡ್ ಶೆಫ್’ ಕಾರ್ಯಕ್ರಮದಲ್ಲಿ ಜೇಮೀ ಆಲಿವರ್ ಎಂಬ ತರುಣ ಬಾಣಸಿಗ ಈ ಪದವನ್ನು ಮತ್ತೆ ಮತ್ತೆ ಆಡಿ ಮನೆಮಾತಾಗಿಸಿದ. ಅದನ್ನು ಕೇಳಿದಾಗ ನಮ್ಮ ಕಿವಿ ನಿಮಿರುವುದು ಸಹಜ. ಇದು ನಮ್ಮ ‘ಪಕ್ಕಾ’ ಅಲ್ಲವೇ? ಹೌದು, ಅದೇ, ಆದರೆ ಅರ್ಥ ಬೇರೆ. ‘ನಾಳೆ ಬರುವುದು ಪಕ್ಕಾ’ ಎನ್ನುವಾಗ ನಾವು ಖಚಿತತೆಯನ್ನು ಸೂಚಿಸುತ್ತೇವೆ. ಆಲಿವರ್ ‘ಪಕ್ಕಾ’ ಎಂದರೆ ತಿನಿಸು ಸೊಗಸಾಗಿದೆ ಎಂದರ್ಥ.

ಈ ಪದ ಬಾಣಸಿಗನ ನಾಲಿಗೆಗೆ ಬಂದದ್ದು ಒಂದು ಬಗೆಯಲ್ಲಿ ತವರಿಗೆ ಮರಳಿದಂತೆ. ಇದರ ಮೂಲ ಬೇಯಿಸುವುದನ್ನು ಸೂಚಿಸುವ ಸಂಸ್ಕೃತದ ‘ಪಚ್’ ಧಾತು. ಪಾಕ, ಪಚನ, ಪಕ್ವಗಳೆಲ್ಲ ಅದರ ಸಂತಾನ. ‘ಪಕ್ವ’ ಎಂಬುದು ಪ್ರಾಕೃತದಲ್ಲಿ ‘ಪಕ್ಕ’ ಆಗಿ, ಹಿಂದಿ ಮರಾಠಿಗಳಲ್ಲಿ ‘ಪಕ್ಕಾ’ ಆಯಿತು. ಹೀಗಾಗಿ ಕನ್ನಡಕ್ಕೆ ಒಂದೇ ಪದ ಎರಡು ಬಾರಿ ಬಂದಿದೆ: ಶಾಸ್ತ್ರ ಕಾವ್ಯಗಳ ದಾರಿಯಿಂದ ‘ಪಕ್ವ’, ಪೇಟೆ ಕಚೇರಿಗಳ ದಾರಿಯಿಂದ ‘ಪಕ್ಕಾ’. ಹಣ್ಣು ಪಕ್ವವಾಗುತ್ತದೆ, ಕಳ್ಳ ಪಕ್ಕಾ ಆಗುತ್ತಾನೆ. ಇಂಗ್ಲಿಷಿನ ‘ಕುಕ್’ ಕೂಡ ಲ್ಯಾಟಿನ್ನಿನ ಮೂಲಕ ಇದೇ ಇಂಡೋ-ಯುರೋಪಿಯನ್ ಮೂಲಕ್ಕೆ ಸೇರಿದ್ದು. ಆಲಿವರನ ವೃತ್ತಿಯ ಹೆಸರೂ ಅವನ ಮೆಚ್ಚುಗೆಯ ಮಾತೂ ದೂರದ ದಾಯಾದಿಗಳು.

ಈ ಪದವನ್ನು ಇಂಗ್ಲಿಷಿಗೆ ಒಯ್ದವರು ಭಾರತದಲ್ಲಿ ನೆಲಸಿದ ಇಂಗ್ಲಿಷರು. ಹೆನ್ರಿ ಯೂಲ್ ಮತ್ತು ತುಳುನಾಡಿನ ಭೂತಾರಾಧನೆಯಲ್ಲೂ ಆಸಕ್ತಿ ತಳೆದಿದ್ದ ಎ. ಸಿ. ಬರ್ನೆಲ್ ಸೇರಿ ರಚಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಕಚ್ಚಾ-ಪಕ್ಕಾಗಳ ಜೋಡಿಪಟ್ಟಿಯೇ ಇದೆ. ಬಿಸಿಲಿಗೆ ಒಣಗಿಸಿದ ಇಟ್ಟಿಗೆ ಕಚ್ಚಾ, ಗೂಡಿನಲ್ಲಿ ಸುಟ್ಟದ್ದು ಪಕ್ಕಾ. ಮಣ್ಣಿನ ರಸ್ತೆ ಕಚ್ಚಾ, ಜಲ್ಲಿಯದು ಪಕ್ಕಾ. ತಾತ್ಕಾಲಿಕ ಹುದ್ದೆ ಕಚ್ಚಾ, ಕಾಯಂ ಹುದ್ದೆ ಪಕ್ಕಾ. ಒಗೆದರೆ ಬಿಡುವ ಬಣ್ಣ, ದರ್ಜಿಯ ಬಿಡಿಹೊಲಿಗೆ, ಕೊನೆಗೆ ದುಷ್ಟರಲ್ಲೂ ಕಚ್ಚಾ ಮತ್ತು ಪಕ್ಕಾ ಎಂಬ ಎರಡು ವರ್ಗ! ನಮ್ಮ ನಾಡಿನಲ್ಲೂ ಈ ಜೋಡಿಗೆ ಲೆಕ್ಕಪತ್ರದ ಬಾಳಿತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಚ್ಚಾ ಸೇರು, ಪಕ್ಕಾ ಸೇರುಗಳೆರಡನ್ನೂ ದಾಖಲಿಸಿದ್ದಾನೆ. ಭೂಮಾಪನ ಇಲಾಖೆಯಲ್ಲಿ ‘ಪಕ್ಕಾ ಪುಸ್ತಕ’ ಎಂಬ ಹೆಸರು ಇಂದಿಗೂ ಉಳಿದಿದೆ.

ಇಟ್ಟಿಗೆಗೆ ಸಲ್ಲುತ್ತಿದ್ದ ವಿಶೇಷಣವನ್ನು ಆಳುವವರು ಮೆಲ್ಲನೆ ತಮಗೇ ತೊಡಿಸಿಕೊಂಡರು. ‘ಪಕ್ಕಾ ಸಾಹೇಬ’ ಎಂದರೆ ನೇಟಿವರೊಡನೆ ಬೆರೆಯದ, ತನ್ನ ಕುಲದ ಕಟ್ಟುಪಾಡನ್ನು ಮೀರದ ಅಸಲಿ ದೊರೆ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1934ರ ‘ಬರ್ಮೀಸ್ ಡೇಸ್’ ಕಾದಂಬರಿಯಲ್ಲಿ ಆ ಕಟ್ಟುಪಾಡಿನ ಟೊಳ್ಳುತನವನ್ನು ಬಯಲಿಗೆಳೆದ. ಪಕ್ಕಾ ಆಗಿ ಕಾಣಬೇಕೆಂಬ ಭಯವೇ ಅಲ್ಲಿನ ಬಿಳಿಯರನ್ನು ಒಳಗಿನಿಂದ ಕೊರೆಯುತ್ತದೆ. ಸಾಮ್ರಾಜ್ಯ ಅಳಿಯಿತು, ಪದ ಉಳಿಯಿತು. ಸಾಹೇಬನ ಕ್ಲಬ್ಬಿನಿಂದ ಇಳಿದು, ಬೀದಿಯ ಸಾಮಾನ್ಯನ ಬಾಯಲ್ಲಿ ‘ಭೇಷ್’ ಎಂಬಂತಹ ಹಗುರ ಮೆಚ್ಚುಗೆಯಾಯಿತು. ಬೆರೆಯದವನ ಬಿರುದಾಗಿದ್ದ ಮಾತು ಯಾರು ಬೇಕಾದರೂ ಆಡಬಹುದಾದ ಮಾತಾಯಿತು.

ಹೊರನಾಡಿನ ನಮಗೆ ಈ ಇತಿಹಾಸ ಬರಿಯ ಕುತೂಹಲದ ಸಂಗತಿಯಲ್ಲ. ರಜೆಯಲ್ಲಿ ಊರಿಗೆ ಹೋದಾಗ, ನಮ್ಮ ಮಾತಿನಲ್ಲಿ ಸುಳಿಯುವ ಮರಾಠಿಯನ್ನೋ ತಮಿಳನ್ನೋ ಗುರುತಿಸಿ, ‘ನಿಮ್ಮದು ಪಕ್ಕಾ ಕನ್ನಡ ಅಲ್ಲ ಬಿಡಿ’ ಎನ್ನುವ ನೆಂಟರಿದ್ದಾರೆ. ನಾವೂ ನಕ್ಕು ಸುಮ್ಮನಾಗುತ್ತೇವೆ, ಆದರೆ ಮಾತು ಒಳಗೆ ಚುಚ್ಚುತ್ತದೆ. ಅವರು ಕೇಳುತ್ತಿರುವುದು ‘ಅಪ್ಪಟ’ವನ್ನು, ಯಾವುದೂ ಬೆರೆಯದ್ದನ್ನು. ‘ಪಕ್ವ’ ಎಂದರೆ ಬೆರೆಯದ್ದಲ್ಲ. ಬೆಂಕಿಯನ್ನೋ ಕಾಲವನ್ನೋ ಹಾದು ಬದಲಾದದ್ದು. ಸುಟ್ಟ ಇಟ್ಟಿಗೆ ಮೊದಲಿನ ಮಣ್ಣಾಗಿ ಉಳಿದಿರುವುದಿಲ್ಲ. ಅದರಿಂದಲೇ ಮಳೆಗೆ ಕರಗುವುದಿಲ್ಲ.

ಆದರೆ ಈ ಮಾತನ್ನು ನಮ್ಮ ಸೋಮಾರಿತನಕ್ಕೆ ಗುರಾಣಿಯಾಗಿಸಿಕೊಳ್ಳುವಂತಿಲ್ಲ. ಬೆರೆತದ್ದೆಲ್ಲ ಬೆಂದದ್ದಲ್ಲ. ಮನೆಯಲ್ಲಿ ಕನ್ನಡ ಆಡುತ್ತಾ ಒಂದು ಪುಟ ಕನ್ನಡವನ್ನೂ ಓದಲಾರದ ನಮ್ಮ ಮಕ್ಕಳ ನುಡಿ ಇನ್ನೂ ಹಸಿ ಇಟ್ಟಿಗೆಯೇ. ಅದನ್ನು ಗೂಡಿಗೆ ಏರಿಸುವ ಕೆಲಸ ಊರಿನ ನೆಂಟರದಲ್ಲ, ನಮ್ಮದು.