ಕುದುರೆಯ ರಕ್ತ ಎಲ್ಲಿ ಹೋಯ್ತು? 1880ರ ಒಂದು ಪತ್ತೇದಾರಿಕೆ

ಮುಂಬೈ, ಪುಣೆ ಕಡೆಯವರು ಮಾಥೇರಾನ್‌ನಲ್ಲಿ ಕುದುರೆಗಳನ್ನ ಹತ್ತಿರದಿಂದ ನೋಡಿರ್ತೀರಿ. ಒಂದು ಕುದುರೆ ಸೊರಗಿದೆ, ವಸಡು ಬಿಳಚಿಕೊಂಡಿದೆ ಅಂತಿಟ್ಕೊಳ್ಳಿ. "ರಕ್ತ ಕಮ್ಮಿ ಆಗಿದೆ, ಕಬ್ಬಿಣದ ಟಾನಿಕ್ ಕೊಡಿ" ಅಂತೀವಿ. ಅದು ಮನುಷ್ಯರ ಲೆಕ್ಕ. ಹುಲ್ಲು ತಿಂದು ಬೆಳೆದ ಕುದುರೆಗೆ ಕಬ್ಬಿಣದ ಕೊರತೆ ಅಪರೂಪ. ರಕ್ತಹೀನತೆ ಒಂದು ಲಕ್ಷಣ ಅಷ್ಟೇ. ರಕ್ತ ಸೋರಿಹೋಯ್ತಾ, ಒಳಗೇ ನಾಶವಾಯ್ತಾ, ಹೊಸದು ತಯಾರಾಗ್ತಾನೇ ಇಲ್ವಾ ಅಂತ ಹುಡುಕಬೇಕು.

ಇಂಥ ಒಂದು ಹುಡುಕಾಟ 1880ರಲ್ಲಿ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ನಡೆಯಿತು. ಸಿಂಧೂ ನದಿಯ ಪಶ್ಚಿಮ ದಂಡೆಯ ಊರು, ಈಗ ಪಾಕಿಸ್ತಾನದಲ್ಲಿದೆ. ಅಲ್ಲಿನ ಸೇನೆಯ ಕುದುರೆಗಳಿಗೆ ಜ್ವರ ಬರ್ತಿತ್ತು, ಬಿಡ್ತಿತ್ತು, ಮತ್ತೆ ಬರ್ತಿತ್ತು. ಮೇವು ಚೆನ್ನಾಗೇ ತಿಂತಿದ್ದವು, ಆದರೂ ಮೂಳೆ ಕಾಣುವಷ್ಟು ಬಡಕಲಾಗಿ, ಕಾಲು ಊದಿಕೊಂಡು ಸಾಯ್ತಿದ್ದವು. ಜನ ಅದನ್ನ ಸುರ್ರಾ ಅಂತಿದ್ರು. ತನಿಖೆಗೆ ಬಂದವರು ಗ್ರಿಫಿತ್ ಇವಾನ್ಸ್, ವೇಲ್ಸ್‌ನ ಪಶುವೈದ್ಯ. ಕೆನಡಾದಲ್ಲಿದ್ದಾಗ ಮನುಷ್ಯರ ವೈದ್ಯಕೀಯವನ್ನೂ ಓದಿದ್ದ ಮನುಷ್ಯ.

ಇವಾನ್ಸ್ ಸೂಕ್ಷ್ಮದರ್ಶಕದಡಿ ರಕ್ತ ಇಟ್ಟು ನೋಡಿದಾಗ ಕೆಂಪು ಕಣಗಳ ನಡುವೆ ಬಾಲದಂಥದ್ದು ಬಡಿಯುತ್ತಾ ಓಡಾಡುವ ಜೀವಿಗಳು ಕಂಡವು. ಸರ್ಕಾರದ ವಿಜ್ಞಾನಿಗಳು ಮಾತ್ರ ಇದು ಕಾರಣ ಅಂತ ಒಪ್ಪಲಿಲ್ಲ. ಅವರನ್ನ ಮೂರ್ಖರು ಅನ್ನೋದು ಸುಲಭ, ಆದರೆ ಅವರ ಹತ್ತಿರವೂ ವಾದ ಇತ್ತು ನೋಡಿ: ಟಿಮೊಥಿ ಲೂಯಿಸ್ ಎರಡು ವರ್ಷ ಮೊದಲೇ ಇಂಥದ್ದೇ ಜೀವಿಗಳನ್ನ ಆರೋಗ್ಯವಾಗಿದ್ದ ಇಲಿಗಳ ರಕ್ತದಲ್ಲಿ ಕಂಡಿದ್ದರು. ಇಲಿಗೆ ಏನೂ ಆಗಿಲ್ಲ ಅಂದ್ಮೇಲೆ ಕುದುರೆಗೆ ಹೇಗೆ? ನಮ್ಮ ಕೆಲಸದಲ್ಲೂ ಇದೇ ಗೋಳು. ಸರ್ವರ್ ಬಿದ್ದಾಗ ಲಾಗ್‌ನಲ್ಲಿ ಕಂಡ ಎರರ್ ಕಾರಣವೋ, ಪರಿಣಾಮವೋ?

ಇವಾನ್ಸ್ ಉತ್ತರ ಹುಡುಕಿದ್ದು ಪ್ರಯೋಗದಿಂದ. ರೋಗದ ರಕ್ತವನ್ನ ಆರೋಗ್ಯವಂತ ಪ್ರಾಣಿಗೆ ಚುಚ್ಚಿದರು. ಅದರ ರಕ್ತದಲ್ಲೂ ಜೀವಿ ಕಾಣಿಸಿತು, ಕಾಯಿಲೆಯೂ ಬಂತು. ಸಸ್ತನಿಗಳಲ್ಲಿ ರೋಗ ತರುವ ಟ್ರಿಪನೊಸೋಮ್ ಪತ್ತೆಯಾದದ್ದು ಇದೇ ಮೊದಲು. ಆಫ್ರಿಕಾದ ನಿದ್ರಾರೋಗದ ಕಾರಣ ಗೊತ್ತಾಗೋಕೆ ಇನ್ನೂ ಇಪ್ಪತ್ತು ವರ್ಷ ಬೇಕಿತ್ತು.

ಮುಂದಿನ ಕಥೆ ನಮ್ಮ ಊರುಗಳಿಗೇ ಬರುತ್ತೆ. 1885ರಲ್ಲಿ ಜಾನ್ ಹೆನ್ರಿ ಸ್ಟೀಲ್ ಬರ್ಮಾದ ಹೇಸರಗತ್ತೆಗಳಲ್ಲಿ ಅದೇ ಜೀವಿ ಕಂಡು, ಬೇರೆ ಜಾತಿಗೆ ಸೇರಿಸಿಬಿಟ್ಟರೂ ಇವಾನ್ಸ್ ಹೆಸರನ್ನೇ ಇಟ್ಟರು. ಇವತ್ತೂ ಅದು ಟ್ರಿಪನೊಸೋಮಾ ಇವಾನ್ಸೈ. ಮರುವರ್ಷ ಪರೇಲ್‌ನಲ್ಲಿ ಶುರುವಾದ ಬಾಂಬೆ ಪಶುವೈದ್ಯ ಕಾಲೇಜಿನ ಮೊದಲ ಪ್ರಿನ್ಸಿಪಾಲ್ ಇದೇ ಸ್ಟೀಲ್. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿ ಪ್ರಯೋಗಾಲಯ ಬಂತು. ಅಲ್ಲಿನ ಆಲ್ಫ್ರೆಡ್ ಲಿಂಗಾರ್ಡ್ ಸುರ್ರಾ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅದು 1893ರಲ್ಲಿ ಮುಕ್ತೇಶ್ವರಕ್ಕೆ ಹೋಯ್ತು. 1901ರಲ್ಲಿ ಲಿಯೊನಾರ್ಡ್ ರಾಜರ್ಸ್ ಇನ್ನೊಂದು ಗಂಟು ಬಿಚ್ಚಿದರು: ಕುದುರೆ ನೊಣ ರೋಗಿಯನ್ನ ಕಚ್ಚಿ ತಕ್ಷಣ ಇನ್ನೊಂದನ್ನ ಕಚ್ಚಿದರೆ ರೋಗ ಹರಡುತ್ತೆ, ತಡವಾದರೆ ಇಲ್ಲ. ಅಂದ್ರೆ ನೊಣ ಬರೀ ಕೊಳಕು ಸೂಜಿ ಇದ್ದ ಹಾಗೆ.

ಸರಿ, ರಕ್ತ ಎಲ್ಲಿ ಹೋಗ್ತಿತ್ತು? ಪರಾವಲಂಬಿ ಅದನ್ನ ತಿನ್ನಲ್ಲ. ಸೋಂಕಿನಿಂದ ಕೆರಳಿದ ಕುದುರೆಯ ರಕ್ಷಣಾ ಕೋಶಗಳೇ ತಮ್ಮ ಕೆಂಪು ಕಣಗಳನ್ನ ನುಂಗಿಹಾಕುತ್ತವೆ. ದೇಹ ಪರಾವಲಂಬಿಯ ಹೊರಕವಚವನ್ನ ಗುರುತಿಸೋ ಹೊತ್ತಿಗೆ ಕೆಲವು ಕವಚ ಬದಲಿಸಿಕೊಂಡು ಮತ್ತೆ ಹೆಚ್ಚುತ್ತವೆ. ಜ್ವರ ಅಲೆ ಅಲೆಯಾಗಿ ಬರೋದು ಅದಕ್ಕೇ.

ಕುದುರೆಯ ಗುಲ್ಮವೂ ಮೋಸ ಮಾಡುತ್ತೆ. ಅದು ಕೆಂಪು ಕಣಗಳ ದೊಡ್ಡ ಗೋದಾಮು. ಕುದುರೆ ಗಾಬರಿಯಾದರೆ ಗೋದಾಮು ಖಾಲಿ ಮಾಡಿ ರಕ್ತಕ್ಕೆ ಸುರಿಯುತ್ತೆ. ಹೆದರಿದ ಕುದುರೆಯ ರಕ್ತ ತೆಗೆದರೆ ರಿಪೋರ್ಟ್ ಇರೋದಕ್ಕಿಂತ ಚೆನ್ನಾಗಿ ಕಾಣಬಹುದು. ಜ್ವರ ಇಳಿದಾಗ ಪರಾವಲಂಬಿ ಸಿಗದೇ ಇರಬಹುದು, ಹಾಗಾಗಿ ವೈದ್ಯರು ಹಲವು ಸಲ ರಕ್ತಲೇಪ ನೋಡ್ತಾರೆ. ಟಾನಿಕ್ ಇಲ್ಲಿ ಕೆಲಸಕ್ಕೆ ಬರಲ್ಲ; ಕ್ವಿನಾಪೈರಮೈನ್‌ನಂಥ ಔಷಧಿ, ರೋಗಿ ಕುದುರೆಯನ್ನ ಬೇರೆ ಕಟ್ಟೋದು, ನೊಣ ತಡೆಯೋದು, ಇವು ಬೇಕು.

ಇವಾನ್ಸ್ ತೀರಿಕೊಂಡದ್ದು 1935ರಲ್ಲಿ, ನೂರು ವರ್ಷ ತುಂಬಿದ ಮೇಲೆ. ಅಷ್ಟರಲ್ಲಿ ಸುರ್ರಾಗೆ ಸುರಾಮಿನ್ ಅನ್ನೋ ಔಷಧಿ ಬಂದಿತ್ತು.